ವಿಮಾ ಉದ್ದೇಶಕ್ಕೆ ಮಾತ್ರ ಗಂಡ

ಮೊಳಕಾಲ್ಮೂರು ತಾಲ್ಲೂಕು ಕರೇಕಲ್ಲಹಟ್ಟಿಯ ಶ್ರೀಮತಿ ನಿರ್ಮಲಾ ಎಂಬುವವರ ಮನೆಯ ತಗಡಿನ ಮಾಡು ಆಷಾಢದ ಗಾಳಿಗೆ ಹಾರಿಹೋದಾಗ, ಸದರಿ ಮನೆಯಿಂದ ಅವರ ಗಂಡ ಹೋಗಿ ಎರಡು ವರ್ಷವಾಗಿತ್ತು. ಮಾಡು ಎದುರು ಹೊಲದಲ್ಲಿ ಸಿಕ್ಕಿತು. ಗಂಡ ಚಳ್ಳಕೆರೆಯಲ್ಲಿ ಸಿಕ್ಕರು. ಇವೆರಡೂ ಬೇರೆ ಬೇರೆ ಘಟನೆಗಳು ಎಂದು ಆಕೆ ಕೊನೆಯವರೆಗೂ ವಾದಿಸಿದರು. ಆದರೆ ಪಾಲಿಸಿ ಒಂದೇ ಆಗಿದ್ದರಿಂದ ನಮ್ಮ ಕಚೇರಿ ಎರಡನ್ನೂ ಒಂದೇ ಕಡತದಲ್ಲಿ ಇಟ್ಟಿತು.

ನಮ್ಮ ಕಚೇರಿ ಎಂದರೆ ನೆರಳು ಗೃಹ ವಿಮಾ ಸಂಸ್ಥೆಯ ಚಳ್ಳಕೆರೆ ಶಾಖೆ. ಕೆಳಗೆ ಶೇಂಗಾ ಎಣ್ಣೆ ಅಂಗಡಿ, ಮೇಲೆ ನಾವು. ನಮ್ಮ ಕಡತಗಳಿಗೆ ಎಣ್ಣೆ ವಾಸನೆ ಇರುತ್ತದೆ, ಹಾಗೆಂದು ಅವು ಸಲೀಸಾಗಿ ಜಾರುತ್ತವೆ ಎಂದು ಯಾರೂ ತಿಳಿಯಬಾರದು. ನಾನು ಬೊಮ್ಮಲಿಂಗಪ್ಪ, ಹಿರಿಯ ಸಹಾಯಕ. ನಿಯಮ ಓದಿ ಕೆಲಸ ಮಾಡುವವನು. ಜನ ನಿಯಮ ಓದದೆ ಮನೆ ಕಟ್ಟುತ್ತಾರೆ, ನಿಯಮ ಓದದೆ ಮದುವೆಯಾಗುತ್ತಾರೆ, ಆಮೇಲೆ ಗಾಳಿ ಬೀಸಿದಾಗ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ನನಗೆ ಸಿಟ್ಟು ಬರುವುದಿಲ್ಲವೇ? ಬರುತ್ತದೆ. ಆದರೂ ಕೂತ್ಕೊಳ್ಳಿ ಎನ್ನುತ್ತೇನೆ.

ನಿರ್ಮಲಾ ಮೊದಲ ಬಸ್ಸಿಗೇ ಬಂದಿದ್ದರು. ಹಟ್ಟಿಯಲ್ಲಿ ಅವರು ಬಟ್ಟೆ ಹೊಲಿಯುವವರು. ಮನೆ ಇರುವುದು ಒಂದೇ ಅಂಕಣ. ಅದರಲ್ಲೇ ಹೊಲಿಗೆ ಮಿಷಿನ್ನು, ಅದರಲ್ಲೇ ಒಲೆ, ಅದರಲ್ಲೇ ಅವರು ಮತ್ತು ಅವರ ಅವ್ವ ನಿಂಗಕ್ಕ. ಮಾಡು ಹೋದಮೇಲೆ ಮಿಷಿನ್ನು ಬೇವಿನ ಮರದ ಕೆಳಗೆ ಬಂದಿತ್ತು, ಅವ್ವ ಪಕ್ಕದವರ ಕೊಟ್ಟಿಗೆಗೆ ಹೋಗಿದ್ದರು.

"ಆಷಾಢದ ಗಾಳಿ ಮುಗೀತು ಸಾರ್. ಇನ್ನೇನು ಉತ್ತರೆ ಮಳೆ ಬರ್ತೈತೆ. ಅಷ್ಟರೊಳಗೆ ನನ್ನ ಮಾಡು ನನಗೆ ಆಗ್ಬೇಕು. ಬೇರೆ ಏನೂ ಕೇಳಲ್ಲ," ಎಂದರು.

ನಾನು ಪಾಲಿಸಿ ತೆಗೆದು ನೋಡಿದೆ. ಮನೆ ಕಟ್ಟಲು ಸಾಲ ತೆಗೆದಾಗ ಬ್ಯಾಂಕಿನವರು ಜಂಟಿ ಹೆಸರಲ್ಲಿ ಮಾಡಿಸಿದ್ದು. ಒಂದನೇ ವಿಮಾದಾರರು ಶ್ರೀ ಮಾರುತೇಶ್, ಎರಡನೇ ವಿಮಾದಾರರು ಶ್ರೀಮತಿ ನಿರ್ಮಲಾ. ಇಬ್ಬರ ಸಹಿಯೂ ಬೇಕು ಎಂದೆ.

"ಅವರು ಈಗ ನಮ್ಮನೆಯೋರಲ್ಲ ಸಾರ್. ಬಿಟ್ಟಾಗೈತೆ."

"ನೀವು ಬಿಟ್ಟಿರಬಹುದಮ್ಮ. ಪಾಲಿಸಿ ಬಿಟ್ಟಿಲ್ಲ."

ನಮ್ಮ ಕ್ಲೇಮು ಅರ್ಜಿಯಲ್ಲಿ ವಿಮಾದಾರರ ಸ್ಥಿತಿ ಎಂಬ ಕಾಲಂ ಇದೆ. ಅದರಲ್ಲಿ ಎರಡೇ ಆಯ್ಕೆ: ಇದ್ದಾರೆ, ತೀರಿಕೊಂಡಿದ್ದಾರೆ. ಸಂಸ್ಥೆ ಹುಟ್ಟಿದಾಗಿನಿಂದ ಮನುಷ್ಯರು ಈ ಎರಡು ಆಯ್ಕೆಯೊಳಗೇ ನಡೆದುಕೊಂಡು ಬಂದಿದ್ದಾರೆ. ಮಾರುತೇಶ್ ಯಾವುದರಲ್ಲಿ ಬರುತ್ತಾರೆ ಎಂದು ಕೇಳಿದೆ.

ಆಕೆ ಅರ್ಜಿಯ ಮೇಲೆ ಬಗ್ಗಿ ಎರಡನೇ ಆಯ್ಕೆಯ ಮೇಲೆ ಬೆರಳಿಟ್ಟರು. "ಎರಡನೇದು ಬರೆದ್ರೆ ಮಾಡು ಬೇಗ ಬರ್ತೈತಾ?"

"ಮರಣ ಪ್ರಮಾಣಪತ್ರ ಬೇಕಾಗುತ್ತದೆ."

"ಹೋದ ವಾರ ಸಂತೆಯಾಗೆ ಮಿರ್ಚಿ ತಿಂತಾ ನಿಂತಿದ್ದ."

"ಹಾಗಿದ್ದರೆ ಕೊಡುವುದು ಕಷ್ಟ," ಎಂದೆ.

ಬಿಟ್ಟ ಗಂಡನ ಜೊತೆ ಜಂಟಿಯಾಗಿ ಸಹಿ ಹಾಕಲು ಆಕೆ ಒಪ್ಪಲಿಲ್ಲ. ಉಳಿದ ದಾರಿ ಒಂದೇ. ಮಾರುತೇಶರ ಹೆಸರನ್ನು ಪಾಲಿಸಿಯಿಂದ ತೆಗೆಯಬೇಕು, ಆಮೇಲೆ ನಿರ್ಮಲಾ ಒಬ್ಬರೇ ಕ್ಲೇಮು ಹಾಕಬೇಕು. ಹೆಸರು ತೆಗೆಯಲು ಮದುವೆ ಮುರಿದ ಬಗ್ಗೆ ದಾಖಲೆ ಬೇಕು. ಕೋರ್ಟಿನ ಆದೇಶ ಇದೆಯೇ ಎಂದೆ.

"ಕೋರ್ಟು ಯಾಕೆ ಸಾರ್? ಪಾತಣ್ಣ ಕಡ್ಡಿ ಮುರಿದು ಕೊಟ್ರಲ್ಲ."

ಓದುಗರ ತಿಳಿವಳಿಕೆಗಾಗಿ ಹೇಳುತ್ತೇನೆ. ಆ ಹಟ್ಟಿಯಲ್ಲಿ ಗಂಡ ಹೆಂಡತಿ ಬೇರೆಯಾಗುವುದಾದರೆ ಹಿರಿಯರು ಕಟ್ಟೆಯ ಮೇಲೆ ಸೇರುತ್ತಾರೆ. ಇಬ್ಬರ ಮಾತನ್ನೂ ಕೇಳುತ್ತಾರೆ. ಹೊಂದಿಕೆ ಆಗದು ಎಂದು ಕಂಡರೆ ಯಜಮಾನರು, ಈಗ ಪಾತಣ್ಣ, ಒಂದು ತಂಗಟೆ ಗಿಡದ ಕಡ್ಡಿಯನ್ನು ಎಲ್ಲರೆದುರು ಮುರಿದು ಅವನಿಗೊಂದು ತುಂಡು, ಇವಳಿಗೊಂದು ತುಂಡು ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಊಟದ ಹೊತ್ತಿಗೆ ಎಲ್ಲರೂ ಮನೆಯಲ್ಲಿರುತ್ತಾರೆ. ಇಂಥ ವಿಧಾನ ಒಂದು ಸೀಲೂ ಇಲ್ಲದೆ ಇಷ್ಟು ತಲೆಮಾರು ಹೇಗೆ ನಡೆದುಕೊಂಡು ಬಂತೋ ನನಗೆ ತಿಳಿಯದು.

ಕಾರಣದ ಕಾಲಂ ಇತ್ತು. ಕೇಳಿದೆ.

"ಬೋಲ್ಟು," ಎಂದರು ನಿರ್ಮಲಾ.

ಮನೆ ಕಟ್ಟಿದಾಗ ತಗಡು ಹಾಕಿದ್ದರಂತೆ, ಬೋಲ್ಟ್ ಬಿಗಿದಿರಲಿಲ್ಲವಂತೆ. ಸದ್ಯಕ್ಕಿರಲಿ ಎಂದು ಮೇಲೆ ಕಲ್ಲು ಹೇರಿದ್ದರು. ಬೋಲ್ಟ್ ತಂದಿದ್ದು ಪೊಟ್ಟಣದಲ್ಲೇ ಗೋಡೆಯ ಗೂಡಿನಲ್ಲಿ ಕುಳಿತಿತ್ತು. "ಬೋಲ್ಟ್ ಹಾಕ್ರಿ ಅಂದೆ, ನೋಡೋಣ ಅಂದ್ರು. ದೀಪಾವಳಿಗೆ ಹಾಕ್ರಿ ಅಂದೆ, ನೋಡೋಣ. ಯುಗಾದಿಗೆ ಅಂದೆ, ನೋಡೋಣ. ಕುಡಿಯಲ್ಲ, ಹೊಡೆಯಲ್ಲ, ಒಳ್ಳೇ ಮನುಷ್ಯನೇ ಸಾರ್. ಆದ್ರೆ ಗಾಳಿ ಎದ್ದಾಗೆಲ್ಲ ಕಲ್ಲು ಯಾವಾಗ ತಲೆ ಮೇಲೆ ಬೀಳ್ತೈತೋ ಅಂತ ಕಣ್ಣು ಬಿಟ್ಕಂಡೇ ಮಲಗ್ತಿದ್ದೆ. ಅವರು ಪಕ್ಕದಾಗೆ ಗೊರಕೆ ಹೊಡೀತಿದ್ರು. ಅದೇ ನಂಗೆ ತಡೆಯೋಕಾಗ್ಲಿಲ್ಲ."

ವಿಚ್ಛೇದನಕ್ಕೆ ಕಾರಣ: ಬೋಲ್ಟ್ ಬಿಗಿಯದಿರುವುದು. ಹೀಗೆ ಬರೆದು ಕೇಂದ್ರ ಕಚೇರಿಗೆ ಕಳಿಸಿದೆ. ಕೇಂದ್ರ ಕಚೇರಿ ಸುಮ್ಮನೆ ಕೂರುವಂಥದ್ದಲ್ಲ. ಕೂಡಲೇ ಸುತ್ತೋಲೆ ಹೊರಡಿಸಿತು:

"ದಾಂಪತ್ಯವು ಕಡ್ಡಿಯ ಮುಖಾಂತರ ಮುಕ್ತಾಯಗೊಂಡಿರುವ ಪ್ರಕರಣಗಳಲ್ಲಿ ಸದರಿ ಕಡ್ಡಿಯ ಎರಡೂ ತುಂಡುಗಳನ್ನು ಮೂಲರೂಪದಲ್ಲಿ ಸಲ್ಲಿಸತಕ್ಕದ್ದು. ಜೆರಾಕ್ಸ್ ಪ್ರತಿಗಳನ್ನು ಪರಿಗಣಿಸಲಾಗುವುದಿಲ್ಲ. ತುಂಡುಗಳ ಮೇಲೆ ಉಭಯತ್ರರು ಸಹಿ ಮಾಡತಕ್ಕದ್ದು. ಕಡ್ಡಿಯು ಸಹಿ ಹಿಡಿಯುವಷ್ಟು ದಪ್ಪವಿಲ್ಲದಿದ್ದಲ್ಲಿ ಹೆಬ್ಬೆಟ್ಟಿನ ಗುರುತು ಸಾಕು. ಹೆಬ್ಬೆಟ್ಟಿನಷ್ಟೂ ದಪ್ಪವಿಲ್ಲದಿದ್ದಲ್ಲಿ ಅಂಥ ಮದುವೆಯ ಬಗ್ಗೆ ಪ್ರತ್ಯೇಕವಾಗಿ ಬರೆದು ಕೇಳತಕ್ಕದ್ದು."

ನಿರ್ಮಲಾರ ತುಂಡು ಅವರ ಹೊಲಿಗೆ ಡಬ್ಬಿಯಲ್ಲೇ ಇತ್ತು. ಲಂಗಕ್ಕೆ ಲಾಡಿ ತೂರಿಸಲು ಅದನ್ನೇ ಬಳಸುತ್ತಿದ್ದರು. ಎರಡು ವರ್ಷ ಲಾಡಿ ತೂರಿಸಿ ತೂರಿಸಿ ಅದು ನುಣ್ಣಗಾಗಿತ್ತು. "ಇದನ್ನ ಕೊಟ್ರೆ ಲಾಡಿ ಯಾವುದ್ರಾಗೆ ಹಾಕ್ಲಿ?" ಎಂದು ತಕರಾರು ತೆಗೆದರು. ಕಚೇರಿಯ ಖಾಲಿಯಾದ ಬಾಲ್‌ಪೆನ್ನೊಂದನ್ನು ತಾತ್ಕಾಲಿಕವಾಗಿ ಮಂಜೂರು ಮಾಡಿದೆ.

ಇನ್ನೊಂದು ತುಂಡಿಗಾಗಿ ಮಾರುತೇಶರ ಬಳಿ ಹೋದೆವು. ಅವರು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ತೂಗುವ ಕೆಲಸದಲ್ಲಿದ್ದರು, ಮಿಲ್ಲಿನ ಹಿಂದೆಯೇ ಒಂದು ಬಾಡಿಗೆ ಕೋಣೆ. ಕೋಣೆಯ ಬಾಗಿಲಿಗೆ ಬೀಗ ಇರಲಿಲ್ಲ. ಚಿಲಕದ ಕಿವಿಗೆ ಒಂದು ಕಡ್ಡಿ ಸಿಗಿಸಿತ್ತು. ಅದೇ ಕಡ್ಡಿ.

"ಬೀಗ ತರ್ಬೇಕು ಸಾರ್," ಎಂದರು ಮಾರುತೇಶ್, ನಗುತ್ತಾ ಒಳಗೆ ಕರೆದು. "ನೋಡೋಣ." ಆಮೇಲೆ ನಿರ್ಮಲಾ ಕಡೆ ತಿರುಗಿ, "ಮಾಡು ಹೋಯ್ತಂತೆ?" ಎಂದು ಕೇಳಿದರು.

"ಹೋಯ್ತು."

"ಅಯ್ಯೋ ಪಾಪ. ಬೋಲ್ಟ್ ಹಾಕ್ಬೇಕಿತ್ತು."

ಆಗ ನಿರ್ಮಲಾ ಮಾರುತೇಶರನ್ನು ನೋಡಿದ ನೋಟವನ್ನು ನಾನು ಕಡತದಲ್ಲಿ ದಾಖಲಿಸಿಲ್ಲ. "ಮಾರುತೇಶ, ಸುಮ್ಮನೆ ಕಡ್ಡಿ ಕೊಡು. ಮಾರುತೇಶ, ಹೆಬ್ಬೆಟ್ಟು ಒತ್ತು. ಮಾರುತೇಶ, ಬಾಯಿ ಮುಚ್ಕ," ಎಂದರು. ಗಂಡನಾಗಿದ್ದಾಗ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಕಡ್ಡಿ ಮುರಿದಿದ್ದರಿಂದ ಆಕೆಗೆ ಸಿಕ್ಕಿದ್ದ ಒಂದೇ ಲಾಭ ಅದು, ಹಾಗಾಗಿ ಧಾರಾಳವಾಗಿ ಬಳಸುತ್ತಿದ್ದರು.

ಎರಡು ತುಂಡುಗಳೊಂದಿಗೆ ನಾನು ಕಚೇರಿಗೆ ಮರಳಿದೆ. ಇಲ್ಲಿ ನನ್ನ ಕೆಲಸದ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲ. ಕಡತ ನಿರ್ವಹಣಾ ನಿಯಮದ ಪ್ರಕಾರ ಕಡತದೊಳಗಿನ ಬಿಡಿ ವಸ್ತುಗಳನ್ನು ಒಂದಕ್ಕೊಂದು ಸೇರಿಸಿ ಭದ್ರಪಡಿಸಬೇಕು. ಕಾಗದವಾದರೆ ಪಿನ್ನು ಹೊಡೆಯಬಹುದು, ಕಡ್ಡಿಗೆ ಪಿನ್ನು ಹೋಗುವುದಿಲ್ಲ. ಆದ್ದರಿಂದ ತುಂಡಿಗೆ ತುಂಡು ಹೊಂದಿಸಿ, ಗಮ್ ಟೇಪು ಬಿಗಿಯಾಗಿ ಸುತ್ತಿ, ಮೇಲೆ ಅರಗು ಇಳಿಸಿ ಶಾಖೆಯ ಮೊಹರು ಒತ್ತಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಮ್ಮ ಶಾಖೆ ಹಿಂದೆಂದೂ ಕಂಡಿರಲಿಲ್ಲ.

ಕೇಂದ್ರ ಕಚೇರಿಯ ಆದೇಶ ಬಂತು:

"ಸಲ್ಲಿಸಲಾದ ಕಡ್ಡಿಯನ್ನು ತಾಂತ್ರಿಕ ಸಮಿತಿಯು ಪರಿಶೀಲಿಸಲಾಗಿ, ಅದು ಇಡಿಯಾಗಿಯೂ ಗಟ್ಟಿಯಾಗಿಯೂ ಇರುವುದು ಕಂಡುಬಂದಿರುತ್ತದೆ. ಕಡ್ಡಿ ಮುರಿದಿಲ್ಲವಾದ್ದರಿಂದ ಮದುವೆಯೂ ಮುರಿದಿರುವುದಿಲ್ಲ. ಹೆಸರು ತೆಗೆಯುವ ಕೋರಿಕೆಯನ್ನು ತಿರಸ್ಕರಿಸಿದೆ. ಕ್ಲೇಮನ್ನು ಜಂಟಿ ಹೆಸರಿನಲ್ಲಿ ಪರಿಗಣಿಸಬಹುದು. ಸರ್ವೇಯರ್ ಭೇಟಿಯ ಕಾಲಕ್ಕೆ ಒಂದನೇ ವಿಮಾದಾರರು ಗಂಡನಾಗಿ ಸದರಿ ಮನೆಯಲ್ಲಿ ವಾಸವಿರತಕ್ಕದ್ದು."

ನಿರ್ಮಲಾರಿಗೆ ಓದಿ ಹೇಳಿದೆ. ಆಕೆ ಮತ್ತೊಮ್ಮೆ ಓದಿಸಿದರು.

"ಸಾರ್, ನಾನು ಕೇಳಿದ್ದು ತಗಡು. ನೀವು ಕೊಟ್ಟಿದ್ದು ಗಂಡ."

"ಆದೇಶ ಹಾಗಿದೆ."

"ಪಾತಣ್ಣ ಅರ್ಧ ದಿನ ಕೂತು, ಅವನ ಮಾತು ಕೇಳಿ, ನನ್ನ ಮಾತು ಕೇಳಿ, ಮನಸ್ಸಿಲ್ಲದ ಮನಸ್ಸಿನಿಂದ ಮುರಿದ್ರು. ನೀವು ಯಾರನ್ನೂ ಕೇಳದೆ ಗಮ್ ಟೇಪಲ್ಲಿ ಅಂಟಿಸಿಬಿಟ್ರಿ. ನಂಗೆ ಅವ ಬ್ಯಾಡ ಸಾರ್. ಮಾಡು ಬೇಕು."

ನನಗೆ ಆಕೆಯ ಮೇಲೆ ಕನಿಕರವೇ ಬಂತು. ಅದಕ್ಕೇ ನಿಯಮಾವಳಿಯ ಕೊನೆಯ ಪುಟದಲ್ಲಿರುವ ಸಣ್ಣ ಅಕ್ಷರದ ವ್ಯಾಖ್ಯೆಗಳನ್ನು ತೆರೆದೆ. ಅವನ್ನು ಓದಬಲ್ಲವನು ಶಾಖೆಯಲ್ಲಿ ನಾನೊಬ್ಬನೇ. 'ವಾಸ ಎಂದರೆ ಕಚೇರಿ ವೇಳೆಯಲ್ಲಿ ತಪಾಸಣೆಗೆ ಲಭ್ಯವಿರುವುದು' ಎಂದಿತ್ತು. ಅಂದರೆ ಮಾರುತೇಶ್ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗಂಡನಾಗಿದ್ದರೆ ಸಾಕು. ಎರಡನೇ ಶನಿವಾರ, ಭಾನುವಾರ ಹಾಗೂ ಸಾರ್ವತ್ರಿಕ ರಜೆಗಳಂದು ಗಂಡನಾಗಬೇಕಿಲ್ಲ. ಅದೂ ವಿಮಾ ಉದ್ದೇಶಕ್ಕೆ ಮಾತ್ರ.

ಆಕೆ ಕಿಟಕಿಯಾಚೆ ನೋಡಿದರು. ಬಡಗಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಆ ಮೋಡದ ಕೆಳಗೇ ಅವರ ಮಿಷಿನ್ನು, ಅವರ ಅವ್ವ, ಗೋಡೆ ಮಾತ್ರ ಇರುವ ಅವರ ಮನೆ.

"ಆಯ್ತು," ಎಂದರು. "ಐದರ ಮೇಲೆ ಒಂದು ನಿಮಿಷ ಇರಂಗಿಲ್ಲ."

ಮರುದಿನ ಹಟ್ಟಿಯ ಯಜಮಾನ ಪಾತಣ್ಣನವರೇ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. "ನಾನು ಮುರಿದಿದ್ದನ್ನ ಅಂಟಿಸೋಕೆ ನೀನು ಯಾರಪ್ಪಾ?" ಎಂದು ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ತೆಲುಗಿನಲ್ಲಿ ಬೈದರು. ಕಚೇರಿಯ ವ್ಯವಹಾರ ಕನ್ನಡದಲ್ಲಿ ನಡೆಯಬೇಕೆಂಬ ನಿಯಮವಿರುವುದರಿಂದ ನಾನದನ್ನು ಕೇಳಿಸಿಕೊಳ್ಳಲಿಲ್ಲ. ಆದೇಶ ತೋರಿಸಿದೆ, ಅರಗಿನ ಮೊಹರಿನ ಚಿತ್ರವನ್ನೂ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಅಂಟು ನಮ್ಮ ಪದ್ಧತಿಯಾಗೆ ಇಲ್ಲ," ಎಂದು ತೀರ್ಪು ಕೊಟ್ಟರು. "ಅಂಟಿಸಿದ್ದು ಕೂಡಿದ ಲೆಕ್ಕಕ್ಕೆ ಬರಲ್ಲ. ನಿಮ್ಮ ಆಫೀಸಿಗೆ ಅವರು ಗಂಡ ಹೆಂಡ್ತಿ, ನಮ್ಮ ಹಟ್ಟಿಗೆ ಅಲ್ಲ. ಅದಿರ್ಲಿ, ಮಧ್ಯಾಹ್ನ ಅವನಿಗೆ ಊಟ ಯಾರು ಹಾಕ್ಬೇಕು?"

ಪಾಲಿಸಿ ಈ ಬಗ್ಗೆ ಮೌನವಾಗಿತ್ತು. ಇಬ್ಬರೂ ಚರ್ಚಿಸಿ, ಗಂಡನು ಬರುವಾಗ ತನ್ನ ಬುತ್ತಿಯನ್ನು ತಾನೇ ತರತಕ್ಕದ್ದು ಎಂದು ತೀರ್ಮಾನಿಸಿದೆವು.

ಮಿಲ್ಲಿನವರು ರಜೆ ಕೊಡಲು ಪತ್ರ ಕೇಳಿದರು. "ಶ್ರೀ ಮಾರುತೇಶ್ ಇವರನ್ನು ಕರೇಕಲ್ಲಹಟ್ಟಿಗೆ ಗಂಡನಾಗಿ ನಿಯೋಜಿಸಲಾಗಿದೆ" ಎಂದು ಬರೆದುಕೊಟ್ಟೆ. ಮಿಲ್ಲಿನ ಮಾಲೀಕರು ಓದಿ, ಯಾವಾಗ ವಾಪಸ್ ಕಳಿಸ್ತೀರಿ ಎಂದು ಕೇಳಿದರೇ ಹೊರತು ಬೇರೇನೂ ಕೇಳಲಿಲ್ಲ.

ಮಾರುತೇಶ್ ದಿನಾ ಹತ್ತರೊಳಗೆ ಬಸ್ಸಿಳಿದು ಬೇವಿನ ಮರದ ಕೆಳಗೆ ಬಂದು ಕೂರತೊಡಗಿದರು. ಸುಮ್ಮನೆ ಕೂತ ಮನುಷ್ಯನನ್ನು ನೋಡಿದರೆ ನಿರ್ಮಲಾರಿಗೆ ಆಗುವುದಿಲ್ಲ. ರವಿಕೆಗಳಿಗೆ ಹುಕ್ಕು ಹಾಕಲು ಕೂರಿಸಿದರು. ಈಗ ಲೆಕ್ಕದಲ್ಲಿ ಗಂಡನಾದ್ದರಿಂದ ಹೆಸರು ಹಿಡಿಯುವಂತಿಲ್ಲ. "ಇವ್ರೇ, ಆ ಕತ್ತರಿ ಕೊಡ್ರಿ," ಎನ್ನುತ್ತಿದ್ದರು. ನಿಂಗಕ್ಕ ಅಳಿಯನೆದುರು ಬರುವಾಗ ತಲೆ ಮೇಲೆ ಸೆರಗು ಹೊದ್ದು ಬರುತ್ತಿದ್ದರು. ಐದು ಗಂಟೆ ಆದದ್ದೇ ಸೆರಗು ಇಳಿಯುತ್ತಿತ್ತು, "ಮಾರುತೇಶ, ಬಸ್ಸು ಬಂತು, ಎದ್ದೇಳು," ಎಂಬ ಮಾತು ಕೇಳುತ್ತಿತ್ತು. ಮಾರುತೇಶರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ ಎಂಬುದೊಂದೇ ಅವರ ದೂರು.

ಕೊನೆಗೆ ಸರ್ವೇಯರ್ ಹೊನ್ನೂರಸ್ವಾಮಿಯವರು ಬಂದರು. ಜೊತೆಗೆ ನಾನೂ ಹೋಗಿದ್ದೆ. ದಾಂಪತ್ಯ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಲು ಅವರ ಬಳಿ ಪ್ರಶ್ನಾವಳಿ ಇತ್ತು. ಹೆಂಡತಿಗೆ ಇಷ್ಟವಾದ ತರಕಾರಿ, ಗಂಡ ಮಲಗುವ ಮಗ್ಗುಲು, ಇತ್ಯಾದಿ. ನಾವು ಅಂಗಳ ಮುಟ್ಟುವ ಹೊತ್ತಿಗೆ ಮನೆಯೊಳಗಿಂದ ಮಾತು ಕೇಳಿಬರುತ್ತಿತ್ತು. ಗೂಡು ಗುಡಿಸುವಾಗ ಬೋಲ್ಟಿನ ಅದೇ ಪೊಟ್ಟಣ ಮತ್ತೆ ನಿರ್ಮಲಾರ ಕೈಗೆ ಬಂದಿತ್ತು.

"ಇದೇನು ಇದು? ಹೇಳ್ರಿ, ಇದೇನು?"

"ಬೋಲ್ಟು."

"ಎಷ್ಟು ವರ್ಷದಿಂದ ಐತೆ ಇದು ಇಲ್ಲಿ?"

"ಹಾಕೋಣ ಅಂತಿದ್ದೆ ಕಣೇ. ಬಿಗಿಯೋಕೆ ಪಾನ ಸಿಕ್ಕಿರ್ಲಿಲ್ಲ."

"ಪಾನ ಮಂಚದ ಕೆಳಗೇ ಐತಲ್ರಿ. ಬಗ್ಗಿ ನೋಡಿದ್ರಾ ಒಂದಿನ? ನನ್ನ ಜೀವ ತಿಂದ್ರಲ್ರಿ. ಮಾಡು ಹಾರೋ ಮುಂಚೆ ಸಂಸಾರ ಹಾರೋಯ್ತು, ಆದ್ರೂ ಬಗ್ಗಲಿಲ್ಲ."

ಹೊನ್ನೂರಸ್ವಾಮಿಯವರು ಬಾಗಿಲಲ್ಲೇ ನಿಂತು ಕೊನೆಯವರೆಗೂ ಕೇಳಿದರು. ಪ್ರಶ್ನಾವಳಿಯನ್ನು ಮಡಚಿ ಚೀಲಕ್ಕೆ ಹಾಕಿದರು. ವರದಿಯಲ್ಲಿ, 'ದಾಂಪತ್ಯವು ಪೂರ್ಣ ಪ್ರಮಾಣದಲ್ಲಿ ಚಾಲ್ತಿಯಲ್ಲಿರುತ್ತದೆ' ಎಂದು ಬರೆದು, ನಿಂಗಕ್ಕ ಕೊಟ್ಟ ಮಜ್ಜಿಗೆ ಕುಡಿದು ಹೊರಟರು.

ಮಂಜೂರಾತಿ ಬಂತು. ಹಣ ಕೊಡುವ ಬದಲು ಮನೆಯನ್ನು ಹಿಂದಿದ್ದ ಸ್ಥಿತಿಗೇ ತರುವ ಅವಕಾಶ ಪಾಲಿಸಿಯಲ್ಲಿದೆ, ಸಂಸ್ಥೆ ಅದನ್ನೇ ಆರಿಸಿಕೊಂಡಿತು. ಲಗೇಜ್ ಆಟೋದಲ್ಲಿ ಚಳ್ಳಕೆರೆಯಿಂದ ಹೊಸ ತಗಡು ಬಂದವು. ತಗಡಿನ ಮೇಲೆ ಹೇರಲು ಕಲ್ಲುಗಳೂ ಬಂದವು, ಅವನ್ನು ಒಪ್ಪಿಸಲು ನಾನೂ ಬಂದೆ. ಕರೇಕಲ್ಲಹಟ್ಟಿಯಲ್ಲಿ ಕಲ್ಲಿಗೇನೂ ಬರವಿಲ್ಲ, ಕಾಲಿಟ್ಟಲ್ಲೆಲ್ಲ ಕಲ್ಲೇ. ಆದರೆ ಮಂಜೂರಾದ ಕಲ್ಲೇ ಬೇರೆ, ಬಿದ್ದಿರುವ ಕಲ್ಲೇ ಬೇರೆ.

ನಿರ್ಮಲಾ ತಗಡನ್ನು ಕೈಯಲ್ಲಿ ಸವರಿ ನೋಡಿದರು. ಅವರ ಮುಖ ಅರಳಿತು. ಆಮೇಲೆ ಕಲ್ಲು ನೋಡಿದರು.

"ಕಲ್ಲು ಯಾಕೆ ಸಾರ್? ಬೋಲ್ಟ್ ಹಾಕಿಸಿ."

"ಹಿಂದೆ ಬೋಲ್ಟ್ ಇರಲಿಲ್ಲವಲ್ಲಮ್ಮ. ಈಗ ಹಾಕಿದರೆ ಅದು ಸುಧಾರಣೆ ಆಗುತ್ತದೆ. ಸುಧಾರಣೆಗೆ ಪಾಲಿಸಿಯಲ್ಲಿ ಅವಕಾಶವಿಲ್ಲ. ಬೋಲ್ಟ್ ಕಂಡರೆ ಮಂಜೂರಾತಿಯೇ ರದ್ದಾಗುತ್ತದೆ."

ಆಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಬರೋ ಆಷಾಢಕ್ಕೆ ಇದೇ ಗಾಳಿ ಬರ್ತೈತೆ ಸಾರ್. ಮತ್ತೆ ಹಾರ್ತೈತೆ. ಮತ್ತೆ ನಾನು ಕಣ್ಣು ಬಿಟ್ಕಂಡು ಮಲಗ್ಬೇಕಾ? ಆಮೇಲೆ ಮತ್ತೆ ನಿಮ್ಮತ್ರ ಬರ್ಬೇಕಾ?"

"ಬನ್ನಿ. ಅದಕ್ಕೇ ಅಲ್ಲವೇ ನಾವಿರುವುದು," ಎಂದೆ.

ಆಕೆಯ ಕಣ್ಣಲ್ಲಿ ನೀರು ಬಂತು. ನಾನು ಮಂಜೂರಾದ ಕಲ್ಲುಗಳನ್ನು ಇನ್ನೊಮ್ಮೆ ಎಣಿಸಿದೆ. ಆಗ, ನಿಯೋಜನೆ ಇನ್ನೂ ಮುಗಿಯದೆ ಬೇವಿನ ಮರದ ಕೆಳಗೆ ಹುಕ್ಕು ಹಾಕುತ್ತಿದ್ದ ಮಾರುತೇಶ್ ಸೂಜಿಯನ್ನು ರವಿಕೆಗೆ ಸಿಗಿಸಿ, ಎದ್ದು ಬಂದರು.

"ಸಾರ್, ಪಾಲಿಸಿ ಮಾಡಿಸೋ ಹೊತ್ತಿಗೇ ಬೋಲ್ಟು ಮನೆಯಾಗೆ ಇತ್ತಲ್ಲ. ಗೂಡಿನಾಗೆ. ಅದು ಹೊಸದು ಹೆಂಗಾಗ್ತೈತೆ?"

ನಾನು ನಿಯಮಾವಳಿ ತೆರೆದೆ. ಮುಂದಿನಿಂದ ಓದಿದೆ, ಹಿಂದಿನಿಂದ ಓದಿದೆ. ಆ ಮನುಷ್ಯ ಹೇಳಿದ್ದು ಸರಿಯಾಗಿತ್ತು. ಬೋಲ್ಟುಗಳು ಮೊದಲಿನಿಂದಲೂ ಮನೆಯ ಭಾಗವೇ. ಗೂಡಿನಲ್ಲಿದ್ದವು ಮಾಡಿಗೆ ಹೋದರೆ ಅದು ಸುಧಾರಣೆಯಲ್ಲ, ವರ್ಗಾವಣೆ. ವರ್ಗಾವಣೆ ಎಂದರೆ ನಮಗೆ ಉಸಿರಾಟವಿದ್ದ ಹಾಗೆ. ಅಲ್ಲೇ ಜಗಲಿಯ ಮೇಲೆ ಕೂತು, ಸದರಿ ಬೋಲ್ಟುಗಳನ್ನು ಆಡಳಿತಾತ್ಮಕ ಕಾರಣಗಳ ಮೇಲೆ ಗೂಡಿನಿಂದ ಮಾಡಿಗೆ ವರ್ಗಾಯಿಸಿದೆ ಎಂದು ಆದೇಶ ಬರೆದೆ.

"ಹಾಕೋರ್ಯಾರು?" ಎಂದರು ನಿಂಗಕ್ಕ, ಸೆರಗಿನೊಳಗಿನಿಂದ.

ಎಲ್ಲರೂ ಮಾರುತೇಶರ ಕಡೆ ನೋಡಿದೆವು.

"ನೋಡೋಣ," ಎಂದರು ಮಾರುತೇಶ್.

ನಿರ್ಮಲಾ ಎದ್ದು ನಿಂತರು. ಹೊಸ ತಗಡು ನೋಡಲು ಬಂದಿದ್ದ ಪಾತಣ್ಣ ಆಗಲೇ ಕೋಲೆತ್ತಿಕೊಂಡು ಬರುತ್ತಿದ್ದರು. ಅನಾಹುತ ತಪ್ಪಿಸಲು ನಾನು ಇನ್ನೊಂದು ಹಾಳೆ ತೆಗೆದೆ. "ಒಂದನೇ ವಿಮಾದಾರರಾದ ಶ್ರೀ ಮಾರುತೇಶ್ ಇವರು ವರ್ಗಾವಣೆಗೊಂಡ ಬೋಲ್ಟುಗಳನ್ನು ಇದೇ ದಿನ ಸಂಜೆ ಐದು ಗಂಟೆಯೊಳಗೆ ಖುದ್ದಾಗಿ ಬಿಗಿಯತಕ್ಕದ್ದು. ತಪ್ಪಿದಲ್ಲಿ ಕಾರಣ ಕೇಳಿ ನೋಟೀಸು ಜಾರಿ ಮಾಡಲಾಗುವುದು." ಸಹಿ ಹಾಕಿದೆ. ಮೊಹರು ಮತ್ತು ಶಾಯಿಯ ಪ್ಯಾಡು ಯಾವಾಗಲೂ ನನ್ನ ಚೀಲದಲ್ಲೇ ಇರುತ್ತವೆ. ಒತ್ತಿದೆ.

ಮಾರುತೇಶ್ ಅದನ್ನು ಓದಿದರು. ಮೊಹರನ್ನು ಬೆರಳಿಂದ ಮುಟ್ಟಿ ನೋಡಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗಿಟ್ಟುಕೊಂಡು, ಬಗ್ಗಿ ಮಂಚದ ಕೆಳಗಿನಿಂದ ಪಾನ ತೆಗೆದು, ಏಣಿ ಹತ್ತಿದರು. ಹಟ್ಟಿಯ ಹುಡುಗರು ತಗಡು ಎತ್ತಿಕೊಟ್ಟರು. ಐದಕ್ಕೆ ಮೊದಲೇ ಕೊನೆಯ ಬೋಲ್ಟು ಬಿಗಿದು, ತಗಡಿನ ಮೇಲೆ ಎದ್ದು ನಿಂತು ಒಂದು ಸಲ ಕುಣಿದು ತೋರಿಸಿದರು. ತಗಡು ಅಲುಗಲಿಲ್ಲ.

ನಿರ್ಮಲಾ ಕೆಳಗಿನಿಂದ ಬಾಯಿ ತೆರೆದು ನೋಡುತ್ತಿದ್ದರು. "ಅಲ್ರಿ, ಅಷ್ಟು ವರ್ಷ ನಾನು ಗಂಟಲು ಹರ್ಕಂಡೆ. ಆಗ ಹತ್ತದ ಏಣಿ ಈಗ ಹೆಂಗೆ ಹತ್ತಿದ್ರಿ?"

"ನೀನು ಬಾಯಲ್ಲಿ ಹೇಳಿದ್ದೆ," ಎಂದರು ಮಾರುತೇಶ್, ಸ್ವಲ್ಪವೂ ಅಳುಕಿಲ್ಲದೆ. "ಇದು ಆರ್ಡರು. ಸೀಲು ಐತೆ."

ಉತ್ತರೆ ಮಳೆ ಅದೇ ವಾರ ಬಂತು, ಗಾಳಿಯನ್ನೂ ಕರೆದುಕೊಂಡೇ ಬಂತು. ಮಾರನೇ ದಿನ ಕಚೇರಿ ಬಾಗಿಲು ತೆಗೆಯುವ ಮೊದಲೇ ನಿರ್ಮಲಾರ ಫೋನು. "ಸಾರ್, ಒಂದು ಹನಿ ಒಳಗೆ ಬೀಳ್ಲಿಲ್ಲ. ಮಿಷಿನ್ನು ಒಳಗೈತೆ, ಅವ್ವ ಒಳಗವ್ಳೆ. ನಾನು ಕಣ್ಣು ಮುಚ್ಕಂಡು ಮಲಗಿದ್ದೆ ಸಾರ್, ಬೆಳಕು ಹರಿದಿದ್ದೇ ಗೊತ್ತಾಗ್ಲಿಲ್ಲ. ಎಷ್ಟು ಸಂತೋಷ ಆಗೈತೆ ಅಂತ ಹೇಳೋಕೆ ಬರಲ್ಲ." ಅದೇ ಉಸಿರಿನಲ್ಲಿ, "ಸಾರ್, ಇನ್ನೊಂದು ಆರ್ಡರ್ ಹಾಕ್ತೀರಾ? ಬಾಗಿಲು ಕೆಳಗೆ ಉಜ್ಜುತೈತೆ," ಎಂದರು.

ಮನೆಯ ನಿರ್ವಹಣೆ ಒಂದನೇ ವಿಮಾದಾರರ ಹೊಣೆ ಎಂದು ಪಾಲಿಸಿಯಲ್ಲೇ ಇದೆ. ಹಾಕಿದೆ. ಮಾರುತೇಶ್ ರಜೆಯಲ್ಲದ ದಿನ ನೋಡಿ ಬಂದು ಬಾಗಿಲು ಕೆತ್ತಿಕೊಟ್ಟು ಐದಕ್ಕೆ ಹೋದರು. ಒಲೆಯ ಹೊಗೆ ಕಿಂಡಿಗೂ ಹಾಕಿದೆ. ಅದೂ ಆಯಿತು. ಇದನ್ನು ಹಟ್ಟಿಯ ಹೆಂಗಸರು ಬೇಲಿಯಾಚೆಯಿಂದ ನೋಡುತ್ತಿದ್ದರು. ಅವರಿಗೆಲ್ಲ ಕಡ್ಡಿ ಮುರಿಯದ, ಇಪ್ಪತ್ತನಾಲ್ಕು ಗಂಟೆಯ ಗಂಡಂದಿರು ಇದ್ದರು, ಆದರೆ ಯಾರ ಮನೆಯ ಕಿಂಡಿಯೂ ಸರಿಯಾಗಿರಲಿಲ್ಲ. ಮೊದಲು ಕ್ಯಾತಮ್ಮ ಎಂಬುವವರು ಬಂದರು. ತಮಗೂ ಪಾಲಿಸಿ ಬೇಕು, ಮಾಡಿಗಲ್ಲ, ಆದೇಶಕ್ಕೆ ಎಂದರು. ಮರುವಾರ ಒಂದು ಬಸ್ಸಿನ ತುಂಬ ಜನ ಬಂದರು.

ಈಗ ನಮ್ಮ ಶಾಖೆಯಲ್ಲಿ ಇದಕ್ಕಾಗಿಯೇ ಒಂದು ಕಿಟಕಿ ಇದೆ. 'ಗಂಡಂದಿರಿಗೆ ಆದೇಶ: ಮಧ್ಯಾಹ್ನ ಎರಡರಿಂದ ನಾಲ್ಕು' ಎಂದು ಫಲಕ ಹಾಕಿದ್ದೇವೆ. ಪಾತಣ್ಣನವರು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಾರೆ. ಆದೇಶ ಪಾಲಿಸದವರ ವಿಷಯ ಬಂದರೆ ಚೀಲದಿಂದ ಒಂದು ತಂಗಟೆ ಕಡ್ಡಿ ತೆಗೆದು ಮೇಜಿನ ಮೇಲಿಡುತ್ತಾರೆ, ಮುರಿಯುವುದಿಲ್ಲ. ಅಷ್ಟಕ್ಕೇ ಕೆಲಸ ಆಗುತ್ತದೆ. ಅವರ ಹಟ್ಟಿಯಲ್ಲಿ ಆಮೇಲೆ ಒಂದು ಕಡ್ಡಿಯೂ ಮುರಿದಿಲ್ಲವಂತೆ. ಕೇಂದ್ರ ಕಚೇರಿ ನಮ್ಮನ್ನು ಮಾದರಿ ಶಾಖೆ ಎಂದು ಘೋಷಿಸಿದೆ.

ವರ್ಷ ತುಂಬಿ ಪಾಲಿಸಿ ನವೀಕರಣಕ್ಕೆ ಬಂತು. ಅಷ್ಟರಲ್ಲಿ ಅರ್ಜಿಯೂ ಬದಲಾಗಿತ್ತು. ವಿಮಾದಾರರ ಸ್ಥಿತಿಯ ಕೆಳಗೆ 'ಬಿಟ್ಟಿದ್ದಾರೆ' ಎಂಬ ಮೂರನೇ ಆಯ್ಕೆ ಬಂದಿತ್ತು. ಒಂದು ಗುರುತು ಹಾಕಿದರೆ ಸಾಕು, ಹೆಸರು ಹೋಗುತ್ತದೆ. ಸಹಿ ಬೇಡ, ಕಡ್ಡಿ ಬೇಡ. ಈ ಸಂತೋಷದ ಸುದ್ದಿ ಹೇಳಲು ನಿರ್ಮಲಾರನ್ನು ಕರೆಸಿದೆ. ಪೆನ್ನನ್ನೂ ನಾನೇ ತೆರೆದುಕೊಟ್ಟೆ.

ಆಕೆ ಪೆನ್ನು ಕೆಳಗಿಟ್ಟರು. "ಬ್ಯಾಡ ಸಾರ್, ಹೆಸರು ಇರ್ಲಿ."

"ಮನಸ್ಸು ಬದಲಾಯಿತೇ?"

"ಮದುವೆ ವಿಷಯದಾಗೆ ಇಲ್ಲ. ಹೆಸರು ತೆಗೆದ್ರೆ ನೀವು ಅವನಿಗೆ ಆರ್ಡರ್ ಹಾಕೋಕೆ ಬರಲ್ವಲ್ಲ. ಬಚ್ಚಲ ಬಾಗಿಲು ಇನ್ನೂ ಹಂಗೇ ಐತೆ."

ನಿಯಮದ ಪ್ರಕಾರ ಒಂದನೇ ವಿಮಾದಾರರ ಒಪ್ಪಿಗೆಯೂ ಬೇಕಿತ್ತು. ಮಿಲ್ಲಿಗೆ ಫೋನು ಮಾಡಿ, ಇನ್ನೊಂದು ವರ್ಷ ವಿಮಾ ಉದ್ದೇಶಕ್ಕೆ ಗಂಡನಾಗಿ ಮುಂದುವರಿಯಲು ತಮ್ಮ ಅಭ್ಯಂತರವಿದೆಯೇ ಎಂದು ಮಾರುತೇಶರನ್ನು ಕೇಳಿದೆ.

"ನೋಡೋಣ," ಎಂದರು.

ಅದನ್ನು ಒಪ್ಪಿಗೆ ಎಂದು ದಾಖಲಿಸಲಾಗಿದೆ.